ಮುಂದಿನ ಸಾಲಿಗೆ ಆಳಿಲ್ಲ: ಡೆಟ್ರಾಯ್ಟ್ ಲಯನ್ಸ್ ತಂಡಕ್ಕೆ ಆದದ್ದೇನು?

2024ರ ಋತುವಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವಾದ ಡೆಟ್ರಾಯ್ಟ್ ಲಯನ್ಸ್ 17 ಲೀಗ್ ಪಂದ್ಯಗಳಲ್ಲಿ 15 ಗೆದ್ದಿತು. ತಂಡದ ಚರಿತ್ರೆಯಲ್ಲೇ ಒಂದು ವರ್ಷದಲ್ಲಿ ಅಷ್ಟು ಗೆಲುವು ಬಂದಿರಲಿಲ್ಲ. ಅಗ್ರ ಸ್ಥಾನದ ಬಲದಿಂದ ನಾಕೌಟ್‌ನ ಮೊದಲ ವಾರ ಆಡದೆಯೇ ಮುಂದಿನ ಸುತ್ತಿಗೆ ಹೋಯಿತು. 2025ರ ಜನವರಿ 18ರ ರಾತ್ರಿ, ಸ್ವಂತ ಊರಿನ ಫೋರ್ಡ್ ಫೀಲ್ಡ್‌ನಲ್ಲೇ, ವಾಷಿಂಗ್ಟನ್ ಕಮಾಂಡರ್ಸ್ ಎದುರು 45-31ರಲ್ಲಿ ಸೋತು ಮನೆಗೆ ಹೋಯಿತು.

ಡೆಟ್ರಾಯ್ಟ್ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ಹಳೆಯ ಸುದ್ದಿ. ಅವರ ಮಕ್ಕಳು ಲಯನ್ಸ್ ಟಿ-ಶರ್ಟ್ ಹಾಕಿಕೊಂಡೇ ಬೆಳೆದವರು. ಆದರೆ ಊರಿನಲ್ಲಿ ಕೂತು ಮೊಮ್ಮಕ್ಕಳ ಮಾತು ಕೇಳುವ ಅಜ್ಜ-ಅಜ್ಜಿಗೂ, ಈಚೆಗೆ ಈ ಆಟದ ರುಚಿ ಹತ್ತಿಸಿಕೊಂಡವರಿಗೂ ಅರ್ಥವಾಗದ ಮಾತೊಂದು ಆ ವರ್ಷ ಪದೇ ಪದೇ ಕೇಳಿಬಂತು: "ಡಿಫೆನ್ಸಿವ್ ಲೈನ್‌ನಲ್ಲಿ ಡೆಪ್ತ್ ಇಲ್ಲ." ಮುಂದಿನ ಸಾಲಿನಲ್ಲಿ ಬದಲಿಗೆ ಆಳಿಲ್ಲ ಎಂದರ್ಥ. ನಾಲ್ಕು ಜನ ನಿಲ್ಲುವ ಸಾಲಿಗೆ ಎಷ್ಟು ಆಳು ಬೇಕು? ಇಲ್ಲದಿದ್ದರೆ ಏನಾಗುತ್ತದೆ? ದುಡ್ಡಿರುವ ತಂಡ ಇನ್ನೊಬ್ಬನನ್ನು ತಂದುಕೊಂಡರೆ ಆಗದೇ?

ಆಟ ಎಷ್ಟು ತಿಳಿದಿರಬೇಕೋ ಅಷ್ಟು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಮೈದಾನ 100 ಗಜ. ಚೆಂಡು ಹಿಡಿದ ತಂಡ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಒಂದೊಂದು ಪ್ರಯತ್ನಕ್ಕೂ 'ಡೌನ್' ಎನ್ನುತ್ತಾರೆ. ಹೀಗೆ ಸಾಗಿ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ.

ಒಂದೇ ತಂಡದಲ್ಲಿ ದಾಳಿಗೆ 11 ಜನ, ರಕ್ಷಣೆಗೆ ಬೇರೆಯೇ 11 ಜನ. ಚೆಂಡು ಕೈ ಬದಲಾದಾಗ ಅವರೂ ಬದಲಾಗುತ್ತಾರೆ. ದಾಳಿಯ ಯಜಮಾನ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೇ ಬರುತ್ತದೆ, ಎಸೆಯಬೇಕೋ ಓಡುವವನಿಗೆ ಕೊಡಬೇಕೋ ಎಂಬುದು ಅವನಿಂದಲೇ ಶುರು. ಅವನನ್ನು ಕಾಯಲು ಮುಂದೆ ಐದು ದೈತ್ಯರು ನಿಂತಿರುತ್ತಾರೆ. ಅವರ ಎದುರು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ನೆಲಕ್ಕೆ ಕೈಯೂರಿ ಕೂತವರೇ ಡಿಫೆನ್ಸಿವ್ ಲೈನ್. ಸಾಮಾನ್ಯವಾಗಿ ನಾಲ್ವರು, ಕೆಲವು ತಂಡಗಳಲ್ಲಿ ಮೂವರು.

ನಾಲ್ವರಿಗೆ ಎರಡು ಬಗೆಯ ಕೆಲಸ

ನಡುವಿನ ಇಬ್ಬರಿಗೆ ಟ್ಯಾಕಲ್ ಎನ್ನುತ್ತಾರೆ. ಅವರಲ್ಲಿ ಚೆಂಡಿನ ಎದುರಿಗೇ ನಿಲ್ಲುವವನು ನೋಸ್ ಟ್ಯಾಕಲ್. 140-150 ಕೆಜಿ ತೂಗುವ ಈ ಮನುಷ್ಯನ ಹೆಸರು ಮರುದಿನದ ಅಂಕಿಅಂಶಗಳಲ್ಲಿ ಹುಡುಕಿದರೂ ಸಿಗದೇ ಹೋಗಬಹುದು. ಏಕೆಂದರೆ ಅವನು ಚೆಂಡು ಹಿಡಿದವನನ್ನು ಕೆಡಹುವುದೇ ಅಪರೂಪ. ಎದುರಾಳಿಯ ಇಬ್ಬರು ಸೇರಿ ತಳ್ಳಿದರೂ ನಿಂತ ಜಾಗ ಬಿಡದಿರುವುದು ಅವನ ಕೆಲಸ. ಇಬ್ಬರನ್ನು ಇವನೊಬ್ಬ ಕಟ್ಟಿಹಾಕಿಕೊಂಡರೆ ತಂಡದ ಇನ್ನೊಬ್ಬನಿಗೆ ದಾರಿ ಬಿಡುವಾಗುತ್ತದೆ.

ಎರಡು ಬದಿಗಳಲ್ಲಿ ನಿಲ್ಲುವವರು ಎಂಡ್ ಅಥವಾ ಎಡ್ಜ್ ಆಟಗಾರರು. ಇವರು ಸ್ವಲ್ಪ ಹಗುರ, ತುಂಬಾ ಚುರುಕು. ಲಯನ್ಸ್‌ನ ಏಡನ್ ಹಚಿನ್ಸನ್ ಈ ಜಾತಿಯವನು. ಆರೂವರೆ ಅಡಿ ಮೀರಿದ ಎತ್ತರ, 120 ಕೆಜಿ ತೂಕ, ಆ ಮೈಯಲ್ಲಿ ನಂಬಲಾಗದ ವೇಗ. ಎದುರಿಗಿದ್ದವನನ್ನು ಸುತ್ತುಹಾಕಿ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಹಿಡಿದು ಕೆಡವಿದರೆ ಅದು 'ಸ್ಯಾಕ್'. ಕೆಡವಲೇಬೇಕೆಂದೂ ಇಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆ-ಮೂರು ಸೆಕೆಂಡು. ಅದರಲ್ಲಿ ಅರ್ಧ ಸೆಕೆಂಡು ಕಿತ್ತುಕೊಂಡರೂ ಎಸೆತ ಹಾಳಾಗುತ್ತದೆ.

ಅಂದರೆ ಹಿಂದೆ ನಿಂತು, ಎಸೆದ ಚೆಂಡು ಹಿಡಿಯಲು ಓಡುವ ರಿಸೀವರ್‌ಗಳನ್ನು ಬೆನ್ನಟ್ಟುವ ಕಾರ್ನರ್‌ಬ್ಯಾಕ್‌ನ ಮಾನ ಉಳಿಯುವುದು ಮುಂದಿನ ಸಾಲಿನವರ ಕೈಯಲ್ಲಿ. ಎಂಥ ಕಾರ್ನರ್‌ಬ್ಯಾಕ್ ಆದರೂ ಮೂರು ಸೆಕೆಂಡು ಎದುರಾಳಿಗೆ ಅಂಟಿಕೊಂಡಿರಬಲ್ಲ. ಐದು ಸೆಕೆಂಡಾದರೆ ಯಾರಿಂದಲೂ ಆಗದು.

ನಾಲ್ವರ ಜಾಗಕ್ಕೆ ಎಂಟು ಜನ ಏಕೆ

ಒಂದು ಪಂದ್ಯದಲ್ಲಿ ರಕ್ಷಣಾ ಪಡೆ ಸುಮಾರು 60-70 ಸಲ ಆಡಬೇಕಾಗುತ್ತದೆ. ಒಂದೊಂದು ಸಲವೂ ಮುಗಿಯುವುದು ಐದಾರು ಸೆಕೆಂಡಿನಲ್ಲಿ. ಕೇಳಿದರೆ ಏನು ಮಹಾ ಅನ್ನಿಸಬಹುದು. ಆದರೆ ಆ ಐದಾರು ಸೆಕೆಂಡೂ 140 ಕೆಜಿಯವನು 140 ಕೆಜಿಯವನ ಮೇಲೆ ಪೂರ್ತಿ ಬಲ ಹಾಕಿ ಬೀಳುತ್ತಾನೆ. ನಡುವೆ ಹೆಚ್ಚೆಂದರೆ 40 ಸೆಕೆಂಡಿನ ಬಿಡುವು. ಕ್ವಾರ್ಟರ್‌ಬ್ಯಾಕ್ ನಿಂತಲ್ಲೇ ಇರಬಹುದು, ರಿಸೀವರ್ ಕೆಲವೊಮ್ಮೆ ಸುಮ್ಮನೆ ನಾಟಕಕ್ಕೆ ಓಡಬಹುದು. ಸಾಲಿನವನಿಗೆ ಮಾತ್ರ ಒಂದು ಸಲವೂ ಮೈ ಉಳಿಸಿಕೊಳ್ಳುವ ಹಾಗಿಲ್ಲ.

ಹಾಗಾಗಿ ಚೆನ್ನಾಗಿ ನಡೆಯುವ ತಂಡಗಳಲ್ಲಿ ಸಾಲಿನ ಆಟಗಾರರನ್ನು ಸರದಿಯ ಮೇಲೆ ಬದಲಿಸುತ್ತಾ ಇರುತ್ತಾರೆ. ಭಾರೀ ಮೈಯ ಟ್ಯಾಕಲ್ ಪಂದ್ಯದ ಅರ್ಧದಷ್ಟು ಆಡಿದರೆ ಹೆಚ್ಚು. ಉಳಿದರ್ಧ ಬದಿಯಲ್ಲಿ ಕೂತು ಆಕ್ಸಿಜನ್ ಮಾಸ್ಕ್ ಹಿಡಿದುಕೊಂಡಿದ್ದರೂ ಆಶ್ಚರ್ಯವಿಲ್ಲ. 53 ಜನರ ತಂಡದಲ್ಲಿ ಎಂಟರಿಂದ ಹತ್ತು ಮಂದಿ ಈ ಸಾಲಿಗೇ ಮೀಸಲಾಗಿರುವುದು ಇದಕ್ಕೇ. ಡೆಪ್ತ್ ಎಂದರೆ ಗಾಯವಾದಾಗ ಕರೆಯಲು ಒಬ್ಬ ಇದ್ದಾನೆ ಎಂಬುದಷ್ಟೇ ಅಲ್ಲ. ಯಾರಿಗೂ ಗಾಯವಾಗದ ದಿನವೂ ಐದನೆಯವನು, ಆರನೆಯವನು, ಏಳನೆಯವನು ಮೈದಾನಕ್ಕೆ ಇಳಿಯಲೇಬೇಕು.

ಕ್ರಿಕೆಟ್ ನೋಡುವವರಿಗೆ ಇದು ವೇಗದ ಬೌಲರ್‌ಗಳ ಲೆಕ್ಕ. 2025ರ ಜನವರಿ ಮೊದಲ ವಾರದ ಸಿಡ್ನಿ ಟೆಸ್ಟ್ ನೆನಪಿರಬಹುದು. ಆ ಸರಣಿಯಲ್ಲಿ 32 ವಿಕೆಟ್ ಕಿತ್ತಿದ್ದ ಬುಮ್ರಾ, ಬೆನ್ನು ಹಿಡಿದುಕೊಂಡು ಎರಡನೇ ಇನಿಂಗ್ಸ್‌ನಲ್ಲಿ ಬೌಲಿಂಗ್‌ಗೆ ಬರಲೇ ಇಲ್ಲ. ಆಸ್ಟ್ರೇಲಿಯಕ್ಕೆ ಬೇಕಿದ್ದದ್ದು 162 ರನ್. ನಮ್ಮ ಪ್ರಸಿದ್ಧ ಕೃಷ್ಣ 3 ವಿಕೆಟ್ ಕಿತ್ತರೂ ಆರು ವಿಕೆಟ್ ಉಳಿಸಿಕೊಂಡು ಅವರು ಗೆದ್ದರು. ಕೊನೆಯ ದಿನ ಬುಮ್ರಾ ಇಲ್ಲದ್ದು ಎಲ್ಲರ ಕಣ್ಣಿಗೂ ಬಿತ್ತು. ಅದಕ್ಕೆ ಮುಂಚಿನ ನಾಲ್ಕು ಟೆಸ್ಟ್‌ಗಳಲ್ಲಿ ಅವನ ಹೊರೆ ಹೊರುವವರು ಸಾಲದೇ ಹೋದದ್ದು ಅಷ್ಟಾಗಿ ಕಾಣಲಿಲ್ಲ. ಫುಟ್‌ಬಾಲ್‌ನ ಮುಂದಿನ ಸಾಲಿನಲ್ಲೂ ಇದೇ ಕತೆ, ಒಂದು ವ್ಯತ್ಯಾಸ ಬಿಟ್ಟು: ಅಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬದಲಿಸಲು ಆಳಿದ್ದರೆ.

ಆಳಿದ್ದರೂ ಸಮಯ ಬೇಕು. ದಾಳಿ ಮಾಡುವ ತಂಡ ತನ್ನ ಆಟಗಾರರನ್ನು ಬದಲಿಸಿದರೆ, ರಕ್ಷಣಾ ತಂಡಕ್ಕೂ ಬದಲಿಸಲು ಅಂಪೈರ್ ಅವಕಾಶ ಕೊಡಬೇಕು. ದಾಳಿಯವರು ಯಾರನ್ನೂ ಬದಲಿಸದೆ ಲಗುಬಗೆಯಿಂದ ಮುಂದಿನ ಆಟಕ್ಕೆ ನಿಂತುಬಿಟ್ಟರೆ ಆ ಅವಕಾಶವಿಲ್ಲ. ಇದಕ್ಕೆ 'ನೋ-ಹಡಲ್' ಎನ್ನುತ್ತಾರೆ. ನಡುವೆ ಗುಂಪುಗೂಡಿ ಮಾತಾಡಿಕೊಳ್ಳದೆ ನೇರ ಆಡುವುದು. ದಣಿದ ಸಾಲನ್ನು ಮೈದಾನದಲ್ಲೇ ಸಿಕ್ಕಿಸಿ ಇನ್ನಷ್ಟು ದಣಿಸುವ ತಂತ್ರ ಇದು. 2024ರಲ್ಲಿ ಇದನ್ನು ಅತಿ ಹೆಚ್ಚು ಆಡಿದ ತಂಡ ವಾಷಿಂಗ್ಟನ್.

ಒಬ್ಬೊಬ್ಬರೇ ಕಳಚಿಕೊಂಡದ್ದು

ಲಯನ್ಸ್ ಕತೆ ಹಚಿನ್ಸನ್‌ನ ಕಾಲಿನಿಂದ ಶುರುವಾಯಿತು ಎಂದು ಹೇಳುವುದು ರೂಢಿ. ನಿಜಕ್ಕೂ ಅದು ಇನ್ನೂ ಮೊದಲೇ ಶುರುವಾಗಿತ್ತು. ಋತು ಆರಂಭವಾಗುವ ಮುಂಚೆ, ಬೇಸಿಗೆಯ ಶಿಬಿರದಲ್ಲೇ ಸಾಲಿನ ಆಟಗಾರ ಜಾನ್ ಕಮಿನ್ಸ್ಕಿಯ ಮೊಣಕಾಲು ಕೈಕೊಟ್ಟಿತು. ಹಚಿನ್ಸನ್‌ನ ಎದುರು ಬದಿಗೆಂದು ಕರೆತಂದ ಮಾರ್ಕಸ್ ಡೆವನ್‌ಪೋರ್ಟ್ ಮೂರನೇ ಪಂದ್ಯದಲ್ಲಿ ಮೊಣಕೈ ಗಾಯದಿಂದ ವರ್ಷವಿಡೀ ಹೊರಬಿದ್ದ. ಆಗ ಹೆಚ್ಚು ಗದ್ದಲವಾಗಲಿಲ್ಲ, ಏಕೆಂದರೆ ಹಚಿನ್ಸನ್ ಇದ್ದ. ಐದು ಪಂದ್ಯಗಳಲ್ಲಿ ಏಳೂವರೆ ಸ್ಯಾಕ್ ಬಾರಿಸಿ ಲೀಗ್‌ನಲ್ಲೇ ಮುಂದಿದ್ದ. (ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ ಹಂಚುತ್ತಾರೆ, ಅದಕ್ಕೆ ಅರ್ಧದ ಲೆಕ್ಕ.)

ಅಕ್ಟೋಬರ್ 13, ಡಲ್ಲಾಸ್. ಲಯನ್ಸ್ ಆ ದಿನ 47-9ರಲ್ಲಿ ಗೆದ್ದಿತು. ಹಚಿನ್ಸನ್ ಎದುರಾಳಿ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ನನ್ನು ಹಿಡಿದು ಸುತ್ತಿ ಕೆಡಹುತ್ತಿದ್ದಾಗ, ಅವನ ಎಡಗಾಲು ತನ್ನದೇ ತಂಡದ ಟ್ಯಾಕಲ್ ಅಲೀಮ್ ಮೆಕ್‌ನೀಲ್‌ನ ಕಾಲಿಗೆ ಬಡಿಯಿತು. ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ಸ್ಯಾಕ್ ಲೆಕ್ಕಕ್ಕೆ ಸೇರಿತು, ಆಟಗಾರ ಆಸ್ಪತ್ರೆಗೆ ಸೇರಿದ.

ಆಮೇಲಿನ ಎರಡು ತಿಂಗಳು ಮೆಕ್‌ನೀಲ್ ನಡುವಿನಲ್ಲಿ ನಿಂತು ಹೊರೆ ಹೊತ್ತ. ಡಿಸೆಂಬರ್ 15ರಂದು ಬಫಲೊ ತಂಡ ಡೆಟ್ರಾಯ್ಟ್‌ಗೆ ಬಂದು 48 ಅಂಕ ಹೊಡೆದು ಗೆದ್ದ ಪಂದ್ಯದಲ್ಲಿ ಅವನ ಮೊಣಕಾಲಿನ ಎಸಿಎಲ್ ಎಂಬ ಮುಖ್ಯ ಅಸ್ಥಿರಜ್ಜು ಹರಿಯಿತು. ಅಲ್ಲಿಗೆ ಬದಿಯ ಅತ್ಯುತ್ತಮನೂ ಇಲ್ಲ, ನಡುವಿನ ಅತ್ಯುತ್ತಮನೂ ಇಲ್ಲ.

ಋತು ಮುಗಿದಾಗ ಲಯನ್ಸ್ ಪರ ಅತಿ ಹೆಚ್ಚು ಸ್ಯಾಕ್ ಬಾರಿಸಿದವನು ಯಾರು ಗೊತ್ತೇ? ಹಚಿನ್ಸನ್. ಐದು ಪಂದ್ಯ ಆಡಿದವನನ್ನು ಉಳಿದ ಹನ್ನೆರಡು ಪಂದ್ಯಗಳಲ್ಲಿ ಯಾರಿಂದಲೂ ದಾಟಲಾಗಲಿಲ್ಲ. ಡೆಪ್ತ್ ಇಲ್ಲ ಎನ್ನುವ ಮಾತಿಗೆ ಇದಕ್ಕಿಂತ ಚಿಕ್ಕ ಪುರಾವೆ ನನಗೆ ಕಾಣುವುದಿಲ್ಲ.

ಮುಂದಿನ ಕೊರತೆಗೆ ಹಿಂದಿನವರು ತೆರುವ ಬೆಲೆ

ನಾಲ್ವರಿಂದ ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟಲಾಗದಿದ್ದರೆ ಕೋಚ್‌ಗೆ ಉಳಿಯುವ ದಾರಿ ಒಂದೇ: ಐದನೆಯವನನ್ನೂ ಆರನೆಯವನನ್ನೂ ನುಗ್ಗಿಸುವುದು. ಇದಕ್ಕೆ 'ಬ್ಲಿಟ್ಜ್' ಎನ್ನುತ್ತಾರೆ. ಆ ಐದನೆಯವನು ಬರುವುದು ಹಿಂದಿನಿಂದಲೇ ತಾನೆ? ಸಾಲಿನ ಬೆನ್ನಿಗೆ ನಿಲ್ಲುವ ಲೈನ್‌ಬ್ಯಾಕರ್ ಅಥವಾ ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿ ತನ್ನ ಜಾಗ ಬಿಟ್ಟು ಮುಂದೆ ನುಗ್ಗುತ್ತಾನೆ. ಹಿಂದೆ ಉಳಿದವರು ತಲಾ ಒಬ್ಬೊಬ್ಬ ಎದುರಾಳಿಯನ್ನು ಯಾರ ಸಹಾಯವೂ ಇಲ್ಲದೆ ಕಾಯಬೇಕು. ಬ್ಲಿಟ್ಜ್ ತಲುಪಿದರೆ ಗೆದ್ದಿರಿ. ತಲುಪುವ ಮೊದಲೇ ಚೆಂಡು ಕೈಬಿಟ್ಟರೆ ಹಿಂದೆ ಬಯಲು.

ಲಯನ್ಸ್‌ನ ರಕ್ಷಣಾ ಕೋಚ್ ಆಗಿದ್ದ ಏರನ್ ಗ್ಲೆನ್ ಹಿಡಿದದ್ದು ಈ ದಾರಿ. ಅದು ಕೆಟ್ಟ ದಾರಿ ಎನ್ನಲಾಗದು. 2025ರ ಜನವರಿ 5ರಂದು ಅಗ್ರ ಸ್ಥಾನ ಯಾರಿಗೆಂದು ನಿರ್ಧರಿಸುವ ಪಂದ್ಯದಲ್ಲಿ ಇದೇ ಲಯನ್ಸ್ ಮಿನ್ನೆಸೋಟ ವೈಕಿಂಗ್ಸ್ ಮೇಲೆ ಹೀಗೆಯೇ ನುಗ್ಗಿ ಅವರನ್ನು 9 ಅಂಕಕ್ಕೆ ಕಟ್ಟಿಹಾಕಿತ್ತು. ಕ್ವಾರ್ಟರ್‌ಬ್ಯಾಕ್ ಗಲಿಬಿಲಿಗೊಂಡರೆ ಬ್ಲಿಟ್ಜ್ ಅಮೃತ.

ಎರಡು ವಾರದೊಳಗೆ ಎದುರಿಗೆ ಬಂದವನು ಗಲಿಬಿಲಿಗೊಳ್ಳುವವನಾಗಿರಲಿಲ್ಲ. ವಾಷಿಂಗ್ಟನ್‌ನ ಜೇಡನ್ ಡೇನಿಯಲ್ಸ್‌ಗೆ ಅದು ವೃತ್ತಿ ಆಟದ ಮೊದಲ ವರ್ಷ. ಬೇಗ ಎಸೆಯುತ್ತಾನೆ, ಎಸೆಯಲಾಗದಿದ್ದರೆ ತಾನೇ ಓಡುತ್ತಾನೆ. 299 ಗಜ ಎಸೆದು ಎರಡು ಟಚ್‌ಡೌನ್ ಮಾಡಿಸಿದ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲೂ ಗಾಯಾಳುಗಳಿದ್ದರು. ಒಳ್ಳೆಯ ಕಾರ್ನರ್‌ಬ್ಯಾಕ್ ಕಾರ್ಲ್‌ಟನ್ ಡೇವಿಸ್ ಮೆಕ್‌ನೀಲ್ ಬಿದ್ದ ಪಂದ್ಯದಲ್ಲೇ ದವಡೆ ಮುರಿದುಕೊಂಡಿದ್ದ. ಒಂಟಿಯಾಗಿ ಕಾಯಬೇಕಾದ ಜಾಗದಲ್ಲಿ ಎರಡನೇ ಸಾಲಿನ ಆಟಗಾರರು ನಿಂತಿದ್ದರು.

ಆ ರಾತ್ರಿಯ ಒಂದು ಕ್ಷಣ. ನಾಲ್ಕನೇ ಕ್ವಾರ್ಟರ್, ಅಂದರೆ ಪಂದ್ಯದ ಕೊನೆಯ ಕಾಲುಭಾಗ, ಲಯನ್ಸ್ ಬರೀ ಮೂರು ಅಂಕ ಹಿಂದಿದೆ. ವಾಷಿಂಗ್ಟನ್‌ಗೆ ನಾಲ್ಕನೇ ಡೌನ್, ಅಂದರೆ ಕೊನೆಯ ಪ್ರಯತ್ನ. ಅದನ್ನೊಂದು ತಡೆದರೆ ಟಚ್‌ಡೌನ್ ತಪ್ಪುತ್ತದೆ. ಆಗ ಲಯನ್ಸ್ ಪರ ಮೈದಾನದಲ್ಲಿ 11ರ ಬದಲು 12 ಜನ ಇದ್ದರು. ದಂಡ ಬಿತ್ತು, ವಾಷಿಂಗ್ಟನ್‌ಗೆ ಹೊಸದಾಗಿ ನಾಲ್ಕು ಪ್ರಯತ್ನ ಸಿಕ್ಕವು, ಟಚ್‌ಡೌನ್ ಆಯಿತು. ಆಟಗಾರರನ್ನು ಹೊರಗೆ-ಒಳಗೆ ಕಳಿಸುವುದೇ ಎಷ್ಟು ನಾಜೂಕಿನ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ.

ಸೋಲನ್ನೆಲ್ಲ ರಕ್ಷಣೆಯ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ. ಲಯನ್ಸ್ ಆ ದಿನ ಐದು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿತು. ಹಾಗೆ ಕೊಟ್ಟಾಗಲೆಲ್ಲ ರಕ್ಷಣೆಯವರು ಮತ್ತೆ ಮೈದಾನಕ್ಕೆ ಹೋಗಬೇಕಾಯಿತು.

ಇನ್ನೊಬ್ಬನನ್ನು ತಂದುಕೊಂಡರೆ ಆಗದೇ?

ತಂದರು. ಆಟಗಾರರ ವಿನಿಮಯಕ್ಕೆ ಕೊನೆಯ ದಿನವಾದ ನವೆಂಬರ್ 5ರಂದು ಕ್ಲೀವ್‌ಲ್ಯಾಂಡ್‌ನಿಂದ ಜೆಡೇರಿಯಸ್ ಸ್ಮಿತ್‌ನನ್ನು ತರಿಸಿಕೊಂಡರು. ಅನುಭವಿ, ವಯಸ್ಸು 32. ಕೈಲಾದಷ್ಟು ಮಾಡಿದ. ಆ ದಿನ ದಾಟಿದ ಮೇಲೆ ಬೇರೆ ತಂಡದ ಜೊತೆ ಕೊಡು-ಕೊಳ್ಳು ಬಂದ್. ಮೆಕ್‌ನೀಲ್ ಬಿದ್ದದ್ದು ಅದಾದ ಮೇಲೆ.

ಆಗ ಉಳಿಯುವುದು ಯಾರಿಗೂ ಬೇಡವಾಗಿ ಮನೆಯಲ್ಲಿರುವವರು ಮತ್ತು 'ಪ್ರಾಕ್ಟೀಸ್ ಸ್ಕ್ವಾಡ್'. ಪ್ರತಿ ತಂಡವೂ 53 ಜನರಲ್ಲದೆ ಇನ್ನೂ 16 ಜನರನ್ನು ಅಭ್ಯಾಸಕ್ಕೆಂದು ಇಟ್ಟುಕೊಳ್ಳಬಹುದು. ಅವರನ್ನು ಬೇರೆ ತಂಡ ತನ್ನ 53ಕ್ಕೆ ಸೇರಿಸಿಕೊಳ್ಳುವುದಾದರೆ ಎಗರಿಸಿಕೊಂಡು ಹೋಗಬಹುದು. ಲಯನ್ಸ್ ಇಂಥವರನ್ನೂ ಹುಡುಕಿ ತಂದಿತು. ಹೊಸಬನಿಗೆ ತಂಡದ ಸಂಕೇತಗಳು ತಿಳಿಯುವಷ್ಟರಲ್ಲಿ ಋತು ಮುಗಿಯುತ್ತಾ ಬಂದಿರುತ್ತದೆ ಅನ್ನುವುದು ಬೇರೆ ಮಾತು.

ದುಡ್ಡಿಗೂ ಮಿತಿ ಇದೆ. ಸ್ಯಾಲರಿ ಕ್ಯಾಪ್ ಎಂಬ ನಿಯಮದಂತೆ ಒಂದು ತಂಡ ವರ್ಷಕ್ಕೆ ಸಂಬಳದ ಲೆಕ್ಕದಲ್ಲಿ ಇಷ್ಟೇ ತೋರಿಸಬಹುದು. 2024ಕ್ಕೆ ಅದು 25.54 ಕೋಟಿ ಡಾಲರ್, 2025ಕ್ಕೆ 27.92 ಕೋಟಿ. ಐಪಿಎಲ್ ಹರಾಜಿನಲ್ಲಿ ಪರ್ಸ್ ಖಾಲಿಯಾದ ಮೇಲೆ ಮಾಲೀಕ ಎಷ್ಟೇ ಸಿರಿವಂತನಾದರೂ ಕೈಕಟ್ಟಿ ಕೂರಬೇಕಲ್ಲ, ಇಲ್ಲೂ ಅದೇ ನಿಯಮ. ಸಾಲದೆಂಬಂತೆ ಇಂಥ ಮೈಕಟ್ಟಿನವರು ಸಿಗುವುದೇ ಕಷ್ಟ. 130 ಕೆಜಿ ತೂಗುತ್ತಾ ಓಟಗಾರನಂತೆ ಕಾಲು ಕೀಳುವವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು? ಅವರಿಗಾಗಿ 32 ತಂಡಗಳು ಕಾದಿರುತ್ತವೆ.

ಇನ್ನು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್. ಅಲ್ಲಿ ಹಿಂದಿನ ವರ್ಷ ಕೆಟ್ಟದಾಗಿ ಆಡಿದವರಿಗೆ ಮೊದಲ ಆಯ್ಕೆ. ಲಯನ್ಸ್‌ಗೆ ಹಚಿನ್ಸನ್ ಸಿಕ್ಕದ್ದು 2022ರ ಎರಡನೇ ಆಯ್ಕೆಯಲ್ಲಿ, 2021ರಲ್ಲಿ ಬರೀ 3 ಪಂದ್ಯ ಗೆದ್ದಿದ್ದರಿಂದ. 15 ಗೆದ್ದ ವರ್ಷದ ಬಹುಮಾನ 28ನೇ ಆಯ್ಕೆ. ಅದರಲ್ಲೂ ಅವರು ಆರಿಸಿದ್ದು ಒಬ್ಬ ಟ್ಯಾಕಲ್‌ನನ್ನೇ, ಓಹಾಯೊ ಸ್ಟೇಟ್‌ನ ಟೈಲೀಕ್ ವಿಲಿಯಮ್ಸ್.

ಅದೇ ಚಳಿಗಾಲ, ಆಳುಗಳಿದ್ದ ತಂಡ

ಲಯನ್ಸ್ ಸೋತ ಮೂರು ವಾರಕ್ಕೆ, ಫೆಬ್ರವರಿ 9ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್ ಫೈನಲ್. ಫಿಲಡೆಲ್ಫಿಯ ಈಗಲ್ಸ್ ಎದುರು ಕ್ಯಾನ್ಸಸ್ ಸಿಟಿ ಚೀಫ್ಸ್, ಅಂದರೆ ಈ ಪೀಳಿಗೆಯ ಅತಿ ಚಾಣಾಕ್ಷ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಈಗಲ್ಸ್‌ನ ರಕ್ಷಣಾ ಕೋಚ್ ವಿಕ್ ಫ್ಯಾಂಜಿಯೊ ಇಡೀ ಪಂದ್ಯದಲ್ಲಿ ಒಂದು ಸಲವೂ ಬ್ಲಿಟ್ಜ್ ಮಾಡಿಸಲಿಲ್ಲ. ನಾಲ್ವರನ್ನೇ ನುಗ್ಗಿಸಿ ಏಳು ಜನರನ್ನು ಹಿಂದೆ ಕಾಯಲು ಬಿಟ್ಟ. ಆದರೂ ಮಹೋಮ್ಸ್ ಆರು ಸಲ ಸ್ಯಾಕ್ ಆದ. ಅರ್ಧ ಆಟಕ್ಕೆ 24-0, ಕೊನೆಗೆ 40-22.

ಆ ಆರು ಸ್ಯಾಕ್ ಹಂಚಿಹೋದದ್ದು ನಾಲ್ವರ ನಡುವೆ: ಜಾಶ್ ಸ್ವೆಟ್ ಎರಡೂವರೆ, ಮಿಲ್ಟನ್ ವಿಲಿಯಮ್ಸ್ ಎರಡು, ಜಾರ್ಡನ್ ಡೇವಿಸ್ ಒಂದು, ಜಾಲಿಕ್ಸ್ ಹಂಟ್ ಅರ್ಧ. ಸಾಲಿನ ದೊಡ್ಡ ಹೆಸರಾದ ಜೇಲನ್ ಕಾರ್ಟರ್‌ಗೆ ಒಂದೂ ಇಲ್ಲ. ಅವನ ಮೇಲೆ ಇಬ್ಬಿಬ್ಬರು ಬೀಳುತ್ತಿದ್ದರು, ಉಳಿದವರಿಗೆ ದಾರಿ ಸಿಗುತ್ತಿತ್ತು.

ಈ ಸಾಲು ಒಂದು ವರ್ಷದಲ್ಲಿ ಬೆಳೆದದ್ದಲ್ಲ. ಡೇವಿಸ್ 2022ರ ಮೊದಲ ಸುತ್ತಿನವನು, ಕಾರ್ಟರ್ ಮತ್ತು ನೋಲನ್ ಸ್ಮಿತ್ 2023ರ ಮೊದಲ ಸುತ್ತಿನವರು, ಹಂಟ್ 2024ರ ಮೂರನೇ ಸುತ್ತಿನವನು. ಬೇಕಿರಲಿ ಬೇಡವಿರಲಿ, ವರ್ಷಾ ವರ್ಷಾ ಅದೇ ಸಾಲಿಗೆ ಆಳು ತಂದರು. ಹಾಗೆಂದು ಅದು ಉಳಿಯುತ್ತದೆಯೇ? ಫೈನಲ್ ಗೆದ್ದ ಮರುತಿಂಗಳೇ ಸ್ವೆಟ್ ಅರಿಜೋನ ಸೇರಿದ, ವಿಲಿಯಮ್ಸ್ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್ ಒಪ್ಪಂದಕ್ಕೆ ನ್ಯೂ ಇಂಗ್ಲೆಂಡ್‌ಗೆ ಹೋದ. ಕ್ಯಾಪ್ ಇರುವಾಗ ಎಂಟು ಜನ ಒಳ್ಳೆಯವರನ್ನು ಬಹಳ ಕಾಲ ಹಿಡಿದಿಟ್ಟುಕೊಳ್ಳಲು ಯಾರಿಗೂ ಸಾಧ್ಯವಿಲ್ಲ.

ಲಯನ್ಸ್‌ಗೂ ಈಗ ಅದೇ ಲೆಕ್ಕ ಎದುರಾಗಿದೆ. ಹಚಿನ್ಸನ್ ಕಾಲು ಕೂಡಿಕೊಂಡು 2025ರ ಮೊದಲ ಪಂದ್ಯಕ್ಕೇ ಮರಳಿದ. ಅಕ್ಟೋಬರಿನಲ್ಲಿ ಅವನಿಗೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್‌ನ ಒಪ್ಪಂದವಾಯಿತು. ಒಬ್ಬನಿಗೆ ಅಷ್ಟು ಕೊಟ್ಟ ಮೇಲೆ ಐದನೆಯವನಿಗೂ ಏಳನೆಯವನಿಗೂ ಉಳಿಯುವ ದುಡ್ಡು ಕಡಿಮೆ.

ಮುಂದಿನ ಪಂದ್ಯ ನೋಡುವಾಗ

ಡೆಟ್ರಾಯ್ಟ್‌ನಲ್ಲಿ 1934ರಿಂದ ಥ್ಯಾಂಕ್ಸ್‌ಗಿವಿಂಗ್ ದಿನ, ಅಂದರೆ ನವೆಂಬರ್‌ನ ನಾಲ್ಕನೇ ಗುರುವಾರ, ಲಯನ್ಸ್ ಪಂದ್ಯ ನಡೆಯುವುದು ಸಂಪ್ರದಾಯ. ನಮ್ಮಲ್ಲಿ ಆಗ ರಾತ್ರಿ 11ರ ಸುಮಾರು, ಎದ್ದಿರುವವರು ನೋಡಬಹುದು. ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಅದು ಸಹಜ. ಒಂದೆರಡು ಸಲ ಮಾತ್ರ ಚೆಂಡು ಬಿಟ್ಟು ಮುಂದಿನ ಸಾಲಿನ ನಾಲ್ವರ ಜೆರ್ಸಿ ಸಂಖ್ಯೆ ನೋಡಿಟ್ಟುಕೊಳ್ಳಿ. ಮೊದಲ ಕ್ವಾರ್ಟರ್‌ನಲ್ಲಿ ಕಂಡ ಸಂಖ್ಯೆಗಳು ಎರಡನೆಯದರಲ್ಲಿ ಬದಲಾಗಿ, ಕೊನೆಯದರಲ್ಲಿ ಮತ್ತೆ ಬಂದರೆ ಸರದಿ ಸರಿಯಾಗಿ ನಡೆದಿದೆ. ಅದೇ ನಾಲ್ವರು ಬಿಡುವಿಲ್ಲದೆ ನಿಂತಿದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಏದುಸಿರು ಬಿಡುತ್ತಿದ್ದರೆ, ಹಿಂದಿನಿಂದ ಐದನೆಯವನು ನುಗ್ಗಲು ಶುರುಮಾಡುವುದನ್ನು ಸ್ವಲ್ಪ ಹೊತ್ತಿನಲ್ಲೇ ಕಾಣುತ್ತೀರಿ.